ಜ್ವಾಲಾಮುಖಿಯಲ್ಲಿ ನೋಡಬೇಕಾದದ್ದು ಲಾವಾ ಅಲ್ಲ, ಅದರೊಳಗಿನ ಅನಿಲ

ಕಪ್ಪುಕಲ್ಲು:
ಜ್ವಾಲಾಮುಖಿ ಅಂದ ಕೂಡಲೇ ಎಲ್ಲರ ಕಣ್ಣ ಮುಂದೆ ಬರುವುದು ಕೆಂಪಗೆ ಹರಿಯುವ ಲಾವಾ. ವಿಡಿಯೋಗಳಲ್ಲೂ ಅದೇ, ಪಾಠದ ಚಿತ್ರಗಳಲ್ಲೂ ಅದೇ. ಆದರೆ ಒಂದು ಬೆಟ್ಟ ಸುಮ್ನೆ ಸೋರುತ್ತಾ ಇದ್ದರೆ ಇನ್ನೊಂದು ಯಾಕೆ ತನ್ನ ತಲೆಯನ್ನೇ ಹಾರಿಸಿಕೊಳ್ಳುತ್ತದೆ, ಎಲ್ಲೋ ಒಂದು ದ್ವೀಪದಲ್ಲಿ ಸಿಡಿದದ್ದಕ್ಕೆ ಇನ್ನೊಂದು ಖಂಡದಲ್ಲಿ ಬೆಳೆ ಯಾಕೆ ಹಾಳಾಗುತ್ತದೆ ಅಂತ ಕೇಳಿದರೆ ಉತ್ತರ ಲಾವಾದಲ್ಲಿ ಸಿಗುವುದಿಲ್ಲ. ಅದರಲ್ಲಿ ಕರಗಿರುವ ಅನಿಲದಲ್ಲಿ ಸಿಗುತ್ತದೆ. ಜಾಸ್ತಿ ಪಾಲು ನೀರಾವಿ, ಆಮೇಲೆ ಇಂಗಾಲದ ಡೈಆಕ್ಸೈಡ್, ಸಲ್ಫರ್ ಡೈಆಕ್ಸೈಡ್. ಇದರ ಬಗ್ಗೆ ಕನ್ನಡದಲ್ಲಿ ಮಾತು ಕಡಿಮೆ ಅನ್ನಿಸಿತು, ಅದಕ್ಕೇ ಬರೆಯುತ್ತಿದ್ದೇನೆ.

ಜ್ವಾಲಾಮುಖಿಯಿಂದ ಬರುವ ಪ್ಯೂಮಿಸ್ ಅನ್ನುವ ಕಲ್ಲು ಕೈಗೆ ಸಿಕ್ಕರೆ ಒಮ್ಮೆ ಹತ್ತಿರದಿಂದ ನೋಡಿ. ಬೂದು ಬಿಳಿ ಬಣ್ಣ. ಎತ್ತಿದರೆ ಕಲ್ಲು ಅಂತ ಅನ್ನಿಸುವುದೇ ಇಲ್ಲ, ಅಷ್ಟು ಹಗುರ. ಮೈತುಂಬಾ ತೂತು. ಕೆಲವು ಬರಿಗಣ್ಣಿಗೆ ಕಾಣುತ್ತವೆ, ಉಳಿದವು ಭೂತಗನ್ನಡಿ ಹಿಡಿದರೆ ಮಾತ್ರ. ಒಂದೊಂದು ಕಡೆ ತೂತುಗಳು ಒಂದೇ ದಿಕ್ಕಿಗೆ ಎಳೆದ ಹಾಗೆ ಉದ್ದವಾಗಿರುತ್ತವೆ. ಅವುಗಳ ನಡುವಿನ ತೆಳು ಗೋಡೆ ಪೂರಾ ಗಾಜು. ಎರಡು ತುಂಡು ಒಂದಕ್ಕೊಂದು ಉಜ್ಜಿದರೆ ಚುಚ್ಚುವಂಥ ಪುಡಿ ಉದುರುತ್ತದೆ. ನೀರಿಗೆ ಹಾಕಿದರೆ ತೇಲುತ್ತದೆ. ಆ ಒಂದೊಂದು ತೂತೂ ಒಂದು ಗುಳ್ಳೆ.

ಆಳದಲ್ಲಿ ಒತ್ತಡ ಜಾಸ್ತಿ ಇರುವಾಗ ಶಿಲಾಪಾಕದಲ್ಲಿ, ಅಂದರೆ ನೆಲದೊಳಗಿನ ಕರಗಿದ ಕಲ್ಲಿನಲ್ಲಿ, ಅನಿಲ ಕರಗಿಯೇ ಇರುತ್ತದೆ, ಕಣ್ಣಿಗೆ ಕಾಣುವ ಗುಳ್ಳೆ ಇರುವುದಿಲ್ಲ. ಶಿಲಾಪಾಕ ಮೇಲೆ ಬಂದ ಹಾಗೆ ಒತ್ತಡ ಇಳಿಯುತ್ತದೆ, ಅನಿಲ ಗುಳ್ಳೆಯಾಗಿ ಹೊರಗೆ ಬರುತ್ತದೆ, ಗುಳ್ಳೆಗಳು ಹಿಗ್ಗುತ್ತವೆ, ಅವು ಒಂದಕ್ಕೊಂದು ತಾಗುವಷ್ಟು ಆದಾಗ ಇಡೀ ಶಿಲಾಪಾಕವೇ ಚೂರುಚೂರಾಗಿ ಒಡೆದು ಗಂಟಲಿನಿಂದ ಮೇಲಕ್ಕೆ ಚಿಮ್ಮುತ್ತದೆ. ದೊಡ್ಡ ಚೂರು ಪ್ಯೂಮಿಸ್. 2 ಮಿಲಿಮೀಟರಿಗಿಂತ ಸಣ್ಣ ಚೂರು ಬೂದಿ. ಆ ಬೂದಿಯಲ್ಲಿ ಸುಟ್ಟ ವಸ್ತು ಏನೂ ಇರುವುದಿಲ್ಲ. ಒಡೆದ ಗಾಜು, ಕಲ್ಲಿನ ಪುಡಿ, ಹರಳಿನ ಚೂರು, ಅಷ್ಟೇ.

ಸಂಜೆಗಾಳಿ:
ಚೆನ್ನಾಗಿ ಬರೆದಿದ್ದೀರಿ. ನನ್ನದು ಅದಕ್ಕಿಂತ ಹಿಂದಿನ ಪ್ರಶ್ನೆ. ಭೂಮಿಯ ಒಳಗೆಲ್ಲ ಕರಗಿದ ಕಲ್ಲೇ ತುಂಬಿದೆ, ಮೇಲಿನ ತೊಗಟೆ ಅದರ ಮೇಲೆ ತೇಲುತ್ತಿದೆ, ಬಿರುಕು ಸಿಕ್ಕಲ್ಲಿ ಅದು ಉಕ್ಕಿ ಬರುತ್ತದೆ ಅಂತಲೇ ನಾನು ಕೇಳಿರುವುದು. ಹಾಗಿದ್ದರೆ ಎಲ್ಲ ಕಡೆಯೂ ಜ್ವಾಲಾಮುಖಿ ಇರಬೇಕಿತ್ತು ಅಲ್ವಾ? ಕೆಲವೇ ಕಡೆ ಸಾಲಾಗಿ ಯಾಕಿವೆ?

ಕಪ್ಪುಕಲ್ಲು:
ಒಳ್ಳೆಯ ಪ್ರಶ್ನೆ. ತೊಗಟೆಯ ಕೆಳಗೆ ಸುಮಾರು 2,900 ಕಿ.ಮೀ. ಆಳದವರೆಗೆ ಇರುವ ಪದರ ಮ್ಯಾಂಟಲ್. ಅದು ಹೆಚ್ಚುಕಡಿಮೆ ಪೂರ್ತಿ ಗಟ್ಟಿ. ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ನಿಧಾನಕ್ಕೆ ಸರಿಯುತ್ತದೆ, ಆದರೆ ದ್ರವ ಅಲ್ಲ. ಅದಕ್ಕಿಂತ ಕೆಳಗೆ ದ್ರವ ಇದೆ ನಿಜ, ಆದರೆ ಅದು ಕರಗಿದ ಕಬ್ಬಿಣ. ಜ್ವಾಲಾಮುಖಿಗೂ ಅದಕ್ಕೂ ನೇರ ಸಂಬಂಧ ಇಲ್ಲ.

ಮ್ಯಾಂಟಲ್ ಕಲ್ಲು ಅಷ್ಟು ಬಿಸಿ ಇದ್ದರೂ ಕರಗದೇ ಇರುವುದು ಒತ್ತಡದಿಂದ. ಕುಕ್ಕರಿನಲ್ಲಿ ಒತ್ತಡ ಇರುವಾಗ ನೀರು 100 ಡಿಗ್ರಿ ದಾಟಿದರೂ ಕುದಿಯುವುದಿಲ್ಲ, ಒತ್ತಡ ಇಳಿಸಿದರೆ ಉರಿ ಹೆಚ್ಚಿಸದೆಯೇ ಕುದಿಯುತ್ತದೆ. ಕಲ್ಲು ಕರಗುವುದೂ ಹಾಗೆಯೇ. ಭೂಮಿಯ ಗಟ್ಟಿ ಹೊರಪದರ ಭೂಫಲಕ ಅನ್ನುವ ದೊಡ್ಡ ದೊಡ್ಡ ತುಂಡುಗಳಾಗಿದೆ. ಸಮುದ್ರದ ತಳದಲ್ಲಿ ಅಂಥ ಎರಡು ಫಲಕಗಳು ದೂರ ಸರಿಯುವ ಕಡೆ ಕೆಳಗಿನ ಮ್ಯಾಂಟಲ್ ಮೇಲೆ ಬರುತ್ತದೆ, ಒತ್ತಡ ಇಳಿಯುತ್ತದೆ, ಸ್ವಲ್ಪ ಭಾಗ ಕರಗುತ್ತದೆ. ಈ ಸಾಗರದೊಳಗಿನ ಬೆಟ್ಟಸಾಲು ಸುಮಾರು 65,000 ಕಿ.ಮೀ. ಉದ್ದ ಇದೆ. ಭೂಮಿಯಲ್ಲಿ ಹೊರಬರುವ ಲಾವಾದಲ್ಲಿ ಬಹುಪಾಲು ಅಲ್ಲೇ ಬರುವುದು, ನಾವ್ಯಾರೂ ನೋಡುವುದಿಲ್ಲ. ಹವಾಯಿಯಂಥ ಕಡೆ ಆಳದಿಂದ ಜಾಸ್ತಿ ಬಿಸಿಯಾದ ಕಲ್ಲು ಮೇಲೇರುತ್ತದೆ, ಅಲ್ಲೂ ಇದೇ ರೀತಿ ಕರಗುತ್ತದೆ.

ನನಗೆ ತುಂಬಾ ಇಷ್ಟದ್ದು ಇನ್ನೊಂದು ದಾರಿ. ಸಾಗರದ ತಳದ ಫಲಕ ಇನ್ನೊಂದು ಫಲಕದ ಅಡಿಗೆ ನುಗ್ಗುವ ಕಡೆ ಅದು ತನ್ನ ಜೊತೆ ನೀರನ್ನೂ ಎಳೆದುಕೊಂಡು ಹೋಗುತ್ತದೆ. ಹಸಿ ಕೆಸರಿನಲ್ಲಿರುವ ನೀರಷ್ಟೇ ಅಲ್ಲ, ಖನಿಜಗಳ ಒಳಗೇ ಸೇರಿಕೊಂಡಿರುವ ನೀರು. ಸುಮಾರು 100 ಕಿ.ಮೀ. ಆಳಕ್ಕೆ ಹೋದಾಗ ಆ ಖನಿಜಗಳು ನೀರನ್ನು ಬಿಟ್ಟುಕೊಡುತ್ತವೆ. ನೀರು ಸೇರಿದ ಕಲ್ಲು ನೂರಾರು ಡಿಗ್ರಿ ಕಡಿಮೆ ಬಿಸಿಯಲ್ಲೇ ಕರಗುತ್ತದೆ. ಪೆಸಿಫಿಕ್ ಸಾಗರದ ಸುತ್ತ ಇರುವ ಜ್ವಾಲಾಮುಖಿಗಳ ಸಾಲು, ‘ಬೆಂಕಿಯ ಬಳೆ’, ಹುಟ್ಟಿದ್ದು ಹೀಗೆ. ಕಲ್ಲನ್ನು ಕರಗಿಸಿದ್ದೂ ನೀರೇ, ಆಮೇಲೆ ಅದನ್ನು ಸಿಡಿಸುವುದೂ ಅದೇ ನೀರು, ಆವಿಯಾಗಿ. ಸಾಲಾಗಿ ಯಾಕಿವೆ ಅನ್ನುವುದಕ್ಕೂ ಇದೇ ಉತ್ತರ: ಫಲಕ ಆ ಆಳ ಮುಟ್ಟುವ ಗೆರೆಯ ನೇರ ಮೇಲೆ ಅವು ಸಾಲುಗಟ್ಟುತ್ತವೆ.

ಗುಡ್ಡಗಾಡು:
ಲಾವಾವನ್ನು ಇಷ್ಟು ಹಗುರ ಮಾಡಬೇಡಿ. ಕಾಂಗೋದ ನ್ಯಿರಗೊಂಗೊ ನೋಡಿ. 1977ರಲ್ಲಿ ಅದರ ಬಾಯಲ್ಲಿದ್ದ ಲಾವಾ ಕೆರೆ ಬೆಟ್ಟದ ಬದಿ ಬಿರಿದು ಒಂದು ಗಂಟೆಯೊಳಗೆ ಖಾಲಿಯಾಯಿತು. ಕಡಿದಾದ ಇಳಿಜಾರಿನಲ್ಲಿ ಗಂಟೆಗೆ 60 ಕಿ.ಮೀ. ವೇಗ. ಓಡಿ ತಪ್ಪಿಸಿಕೊಳ್ಳಲು ಆಗದೆ ಜನ ಸತ್ತರು. 2002ರಲ್ಲಿ ಅದೇ ಬೆಟ್ಟದ ಲಾವಾ ಗೋಮಾ ನಗರದ ಮಧ್ಯದಲ್ಲೇ ಹರಿದು ಲಕ್ಷಾಂತರ ಜನ ಊರು ಬಿಟ್ಟರು. ಹವಾಯಿಯ ಕಿಲಾವಿಯಾ 2018ರಲ್ಲಿ 700ಕ್ಕೂ ಜಾಸ್ತಿ ಮನೆ ನುಂಗಿತು. ಆ ಮನೆಯವರಿಗೆ ಹೋಗಿ "ಲಾವಾ ಮುಖ್ಯ ಅಲ್ಲ" ಅಂತ ಹೇಳಲು ಆಗುತ್ತಾ?

ಕಪ್ಪುಕಲ್ಲು:
ಮನೆ, ಹೊಲ, ರಸ್ತೆಗೆ ಲಾವಾ ದೊಡ್ಡ ಶತ್ರು, ಅದರಲ್ಲಿ ಎರಡು ಮಾತಿಲ್ಲ. ನ್ಯಿರಗೊಂಗೊ ಲಾವಾ ಅಷ್ಟು ಜೋರಾಗಿ ಓಡಲು ಕಾರಣ ಅದರಲ್ಲಿ ಸಿಲಿಕಾ ತೀರಾ ಕಡಿಮೆ, ಹಾಗಾಗಿ ನೀರಿನ ಹಾಗೆ ತೆಳು. ಅಂಥ ಜಾಗ ಬಹಳ ಕಡಿಮೆ. ಹವಾಯಿಯಂಥ ಬಸಾಲ್ಟ್ ಲಾವಾದಲ್ಲಿ ಸಿಲಿಕಾ ಶೇ 50ರ ಆಸುಪಾಸು, ಬಿಸಿ 1,100ರಿಂದ 1,200 ಡಿಗ್ರಿ. ಗುಳ್ಳೆಗಳು ಸುಲಭವಾಗಿ ತಪ್ಪಿಸಿಕೊಂಡು ಹೋಗುತ್ತವೆ, ಲಾವಾ ಹರಿಯುತ್ತದೆ, ಮುಂದಿನ ಅಂಚು ಹೆಚ್ಚಿನ ಕಡೆ ನಡೆದುಕೊಂಡು ಹೋಗುವವರಿಗಿಂತ ನಿಧಾನ. ಸಿಲಿಕಾ ಶೇ 70 ದಾಟಿದರೆ ಶಿಲಾಪಾಕ ಎಷ್ಟು ಅಂಟಾಗುತ್ತದೆ ಅಂದರೆ ಗುಳ್ಳೆ ಅಲ್ಲಾಡಲೂ ಆಗುವುದಿಲ್ಲ. ಅನಿಲ ಒಳಗೇ ಸಿಕ್ಕಿಹಾಕಿಕೊಳ್ಳುತ್ತದೆ. ಸಿಡಿಯುವುದು ಅಂಥದ್ದೇ.

ಐಸ್‌ಲ್ಯಾಂಡಿನ ಹೈಮೇ ದ್ವೀಪದ ಉದಾಹರಣೆ ಕೊಡುತ್ತೇನೆ. 1973ರ ಜನವರಿ 23ರ ನಡುರಾತ್ರಿ ಊರ ಪಕ್ಕದಲ್ಲೇ ನೆಲ ಬಿರಿಯಿತು. ಮೀನುಗಾರಿಕೆ ದೋಣಿಗಳಲ್ಲಿ ಸುಮಾರು 5,000 ಜನರನ್ನು ಅದೇ ರಾತ್ರಿ ಸಾಗಿಸಿದರು. ನೂರಾರು ಮನೆ ಹೋದವು. ಬಂದರು ಮುಚ್ಚಿಹೋಗಬಾರದು ಅಂತ ತಿಂಗಳುಗಟ್ಟಲೆ ಸಮುದ್ರದ ನೀರನ್ನು ಪಂಪ್ ಮಾಡಿ ಲಾವಾದ ಮೇಲೆ ಸುರಿದು ಅದನ್ನು ಗಟ್ಟಿ ಮಾಡಿದರು, ಬಂದರು ಉಳಿಯಿತು. ಇಷ್ಟೆಲ್ಲ ಲಾವಾದ ನಡುವೆ ಸತ್ತವರು ಒಬ್ಬರೇ. ಅದೂ ನೆಲಮಾಳಿಗೆಯಲ್ಲಿ ತುಂಬಿದ್ದ ವಿಷಾನಿಲದಿಂದ.

ಈಗ ಇದರ ಪಕ್ಕದಲ್ಲಿ ಅಮೆರಿಕದ ಸೇಂಟ್ ಹೆಲೆನ್ಸ್ ಇಡಿ. 1980ರ ವಸಂತದಲ್ಲಿ ಅಂಟು ಶಿಲಾಪಾಕ ಬೆಟ್ಟದ ಒಳಗೆ ನುಗ್ಗಿ ಉತ್ತರದ ಮಗ್ಗುಲು ಊದಿಕೊಳ್ಳುತ್ತಾ ಬಂತು. ದಿನಕ್ಕೆ ಒಂದೂವರೆಯಿಂದ ಎರಡು ಮೀಟರ್. ಮೇ 18ರ ಬೆಳಿಗ್ಗೆ 8.32ಕ್ಕೆ ಭೂಕಂಪ ಆಯಿತು, ಊದಿದ ಮಗ್ಗುಲು ಪೂರ್ತಿ ಜಾರಿತು. ಮೇಲಿದ್ದ ಭಾರ ಒಮ್ಮೆಗೇ ಹೋದ ಕೂಡಲೇ ಒಳಗಿನ ಅನಿಲ ಪಕ್ಕಕ್ಕೆ ಸಿಡಿಯಿತು. ಸುಮಾರು 600 ಚದರ ಕಿ.ಮೀ. ಕಾಡು ನೆಲಸಮ, 57 ಜನರ ಸಾವು, ಬೆಟ್ಟದ ಎತ್ತರ 400 ಮೀಟರ್ ಕಡಿಮೆ. ಇಷ್ಟು ಆಗುವಾಗ ಕೆಂಪು ಲಾವಾ ಒಂದು ಹನಿಯೂ ಹರಿದಿರಲಿಲ್ಲ.

ಗುಡ್ಡಗಾಡು:
ಸರಿ, ಹೈಮೇ ವಿಷಯ ಗೊತ್ತಿರಲಿಲ್ಲ. ಆದರೆ ಸಿಡಿದ ಮೇಲೆ ಜನರನ್ನು ಕೊಲ್ಲುವುದು ಅನಿಲ ಮಾತ್ರವಾ?

ಕಪ್ಪುಕಲ್ಲು:
ಅನಿಲ, ಬೂದಿ, ಕಲ್ಲಿನ ಚೂರು ಎಲ್ಲ ಸೇರಿ ನೆಲಕ್ಕೆ ಅಂಟಿಕೊಂಡು ಇಳಿಜಾರಿನಲ್ಲಿ ನುಗ್ಗುವ ಬಿಸಿ ಪ್ರವಾಹ ಇದೆಯಲ್ಲ, ಪೈರೋಕ್ಲಾಸ್ಟಿಕ್ ಫ್ಲೋ ಅನ್ನುತ್ತಾರೆ, ಅದು ಎಲ್ಲಕ್ಕಿಂತ ಕ್ರೂರ. ನೂರಾರು ಡಿಗ್ರಿ ಬಿಸಿ, ಗಂಟೆಗೆ 100 ಕಿ.ಮೀ. ದಾಟುವ ವೇಗ. 1902ರ ಮೇ 8ರಂದು ಮಾರ್ಟಿನಿಕ್ ದ್ವೀಪದ ಪೆಲೆ ಬೆಟ್ಟದಿಂದ ಹೊರಟದ್ದು ಕೆಲವೇ ನಿಮಿಷಗಳಲ್ಲಿ ಸೇಂಟ್ ಪಿಯೇರ್ ಪಟ್ಟಣವನ್ನು ಮುಗಿಸಿತು. ಸುಮಾರು 28,000 ಜನ. ಬದುಕಿದವರನ್ನು ಬೆರಳಲ್ಲಿ ಎಣಿಸಬಹುದಿತ್ತು.

ನಕ್ಷೆಪ್ರಿಯ:
ಇಲ್ಲಿ ಒಂದು ಊರಿನ ಹೆಸರು ಬರಲೇಬೇಕು. ಆರ್ಮೆರೋ, ಕೊಲಂಬಿಯಾ.

1985ರ ನವೆಂಬರ್ 13ರ ರಾತ್ರಿ 9ರ ಸುಮಾರಿಗೆ ನೆವಾಡೋ ಡೆಲ್ ರುಯಿಸ್ ಸಿಡಿಯಿತು. ಅಳತೆಯಲ್ಲಿ ಸಣ್ಣ ಸ್ಫೋಟ. ಆದರೆ ಬೆಟ್ಟದ ತಲೆಯ ಮೇಲೆ ಹಿಮ ಇತ್ತು. ಬಿಸಿ ಬೂದಿ ಬಿದ್ದು ಹಿಮ ಕರಗಿತು, ಆ ನೀರು ಹಳೆಯ ಬೂದಿ, ಕಲ್ಲು, ಮರ ಎಲ್ಲವನ್ನೂ ಬಾಚಿಕೊಂಡು ನದಿ ಕಣಿವೆಗಳಲ್ಲಿ ಇಳಿಯಿತು. ಇಂಥ ಕೆಸರಿನ ಪ್ರವಾಹಕ್ಕೆ ಲಹಾರ್ ಅನ್ನುತ್ತಾರೆ. ನೋಡಲು ಹಸಿ ಸಿಮೆಂಟು, ಓಡುವುದು ಪ್ರವಾಹದ ವೇಗದಲ್ಲಿ. ಆರ್ಮೆರೋ ಮುಟ್ಟಿದ್ದು ರಾತ್ರಿ ಹನ್ನೊಂದೂವರೆ ಹೊತ್ತಿಗೆ. ಸುಮಾರು 23,000 ಜನ ಸತ್ತರು.

ನನಗೆ ಇವತ್ತಿಗೂ ಸಹಿಸಲು ಆಗದ ವಿಷಯ ಆ ಎರಡೂವರೆ ಗಂಟೆ. ಪ್ರವಾಹ ಯಾವ ಕಣಿವೆಯಲ್ಲಿ ಬರುತ್ತದೆ, ಎಲ್ಲಿಯವರೆಗೆ ಬರುತ್ತದೆ ಅಂತ ತೋರಿಸುವ ಅಪಾಯದ ನಕ್ಷೆಯನ್ನು ವಿಜ್ಞಾನಿಗಳು ಹಿಂದಿನ ತಿಂಗಳೇ ಮಾಡಿ ಕೊಟ್ಟಿದ್ದರು. ಆರ್ಮೆರೋ ಆ ನಕ್ಷೆಯ ಅಪಾಯದ ಬಣ್ಣದೊಳಗೇ ಇತ್ತು. ಪಕ್ಕದ ದಿಬ್ಬ ಹತ್ತಿದ್ದರೆ ಸಾಕಿತ್ತು, ನಡೆದೇ ಹೋಗಬಹುದಿತ್ತು. ಊರು ಖಾಲಿ ಮಾಡಿ ಅನ್ನುವ ಮಾತು ಜನರಿಗೆ ಹೊತ್ತಿಗೆ ಸರಿಯಾಗಿ ತಲುಪಲಿಲ್ಲ. ಎಷ್ಟು ದೊಡ್ಡ ಸ್ಫೋಟ ಅನ್ನುವುದರ ಮೇಲೆ ಎಷ್ಟು ಸಾವು ಅನ್ನುವುದು ನಿಂತಿಲ್ಲ. ಕಣಿವೆ ಯಾವ ಕಡೆ ಇಳಿಯುತ್ತದೆ, ಮೇಲೆ ಹಿಮ ಇದೆಯಾ, ಕೆಳಗೆ ಯಾರಿದ್ದಾರೆ, ಅವರಿಗೆ ಯಾರು ಹೇಳುತ್ತಾರೆ, ಇದರ ಮೇಲೆ ನಿಂತಿದೆ.

ಸಂಜೆಗಾಳಿ:
ಓದಿ ಮನಸ್ಸಿಗೆ ತುಂಬಾ ಭಾರ ಆಯಿತು. ಹಾಗಾದರೆ ಮೊದಲೇ ತಿಳಿಯಲು ಸಾಧ್ಯ ಇದೆ ಅಂತಾಯಿತು. ಹೇಗೆ ತಿಳಿಯುತ್ತದೆ?

ನಕ್ಷೆಪ್ರಿಯ:
ಫಿಲಿಪ್ಪೀನ್ಸಿನ ಪಿನಾಟುಬೊ ಇದಕ್ಕೆ ಅತ್ಯುತ್ತಮ ಪಾಠ. ಸುಮಾರು 500 ವರ್ಷ ಸುಮ್ಮನಿದ್ದ ಬೆಟ್ಟ, ಮೈತುಂಬಾ ಕಾಡು. 1991ರ ಏಪ್ರಿಲಿನಲ್ಲಿ ಆವಿ ಏಳಲು ಶುರುವಾಯಿತು. ಫಿಲಿಪ್ಪೀನ್ಸ್ ಮತ್ತು ಅಮೆರಿಕದ ವಿಜ್ಞಾನಿಗಳು ಸೇರಿ ಕಂಪನಮಾಪಕ ಇಟ್ಟರು, ಆಕಾಶದಿಂದ ಅನಿಲ ಅಳೆದರು. ಮೇ 13ರಂದು ದಿನಕ್ಕೆ ಸುಮಾರು 500 ಟನ್ ಇದ್ದ ಸಲ್ಫರ್ ಡೈಆಕ್ಸೈಡ್ ಎರಡು ವಾರದಲ್ಲಿ 5,000 ಟನ್ ದಾಟಿತು. ಹೊಸ ಶಿಲಾಪಾಕ ಮೇಲೆ ಬರುತ್ತಿದೆ ಅಂತ ಅರ್ಥ. ಆಮೇಲೆ ಆ ಅಂಕಿ ದಿಢೀರ್ ಅಂತ ಇಳಿಯಿತು. ಗೊತ್ತಿಲ್ಲದವರು ನೋಡಿದರೆ "ಅಬ್ಬಾ, ತಣ್ಣಗಾಯಿತು" ಅನ್ನುತ್ತಿದ್ದರು. ಆ ವಿಜ್ಞಾನಿಗಳು ಹಾಗೆ ಅಂದುಕೊಳ್ಳಲಿಲ್ಲ. ದಾರಿ ಮುಚ್ಚಿಕೊಂಡಿರಬಹುದು, ಅನಿಲ ಒಳಗೇ ಕೂಡಿಕೊಳ್ಳುತ್ತಿರಬಹುದು ಅಂತ ಓದಿಕೊಂಡರು. ಹತ್ತಾರು ಸಾವಿರ ಜನರನ್ನು ಸ್ಥಳಾಂತರ ಮಾಡಿದರು. ಜೂನ್ 15ರಂದು ಬೆಟ್ಟ ಸಿಡಿಯಿತು, ಆ ಶತಮಾನದ ಎರಡನೇ ಅತಿ ದೊಡ್ಡ ಸ್ಫೋಟ. ಕಡಿಮೆ ಅಂದರೂ 5,000 ಜೀವ ಉಳಿಯಿತು ಅಂತ ಆಮೇಲೆ ಅಂದಾಜು ಮಾಡಿದರು.

ಆದರೂ ಸಾವು ತಪ್ಪಲಿಲ್ಲ. ಅದೇ ದಿನ ಯುನ್ಯಾ ಚಂಡಮಾರುತವೂ ಬಂತು. ಬೀಳುತ್ತಿದ್ದ ಬೂದಿ ಮಳೆಗೆ ನೆನೆದು ಭಾರ ಆಗಿ ಮನೆಗಳ ಚಾವಣಿ ಕುಸಿದವು. ಸತ್ತವರಲ್ಲಿ ಬಹಳ ಜನ ಹಾಗೆ ಸತ್ತವರು.

ಕಪ್ಪುಕಲ್ಲು:
ಅನಿಲದ ಅಂಕಿ ಇಳಿದದ್ದನ್ನು ಅಪಾಯ ಅಂತ ಓದಿದ ಆ ವಿಷಯ ಹೇಳಿದ್ದಕ್ಕೆ ಥ್ಯಾಂಕ್ಸ್. ನಾನು ಹೇಳಬೇಕು ಅಂತಿದ್ದದ್ದೂ ಅದೇ. ಇದರ ಇನ್ನೊಂದು ಮಗ್ಗುಲು ಜಪಾನಿನ ಒಂಟಾಕೆ. 2014ರ ಸೆಪ್ಟೆಂಬರ್ 27, ಶನಿವಾರ ಮಧ್ಯಾಹ್ನ, ಬೆಟ್ಟದ ತುದಿಯಲ್ಲಿ ಚಾರಣಿಗರು ತುಂಬಿದ್ದರು. ಹೊಸ ಶಿಲಾಪಾಕ ಮೇಲೆ ಬರಲೇ ಇಲ್ಲ, ಬೆಟ್ಟದೊಳಗಿನ ನೀರು ಬಿಸಿಗೆ ಆವಿಯಾಗಿ ಸಿಡಿಯಿತು. ಸ್ಪಷ್ಟ ಮುನ್ಸೂಚನೆ ಸಿಕ್ಕಿದ್ದು ಕೆಲವೇ ನಿಮಿಷ ಮೊದಲು. ಸತ್ತವರು, ಸಿಗದೇ ಹೋದವರು ಸೇರಿ 63 ಜನ. ದೊಡ್ಡದನ್ನು ಹಿಡಿಯಬಹುದು, ಇಂಥ ಸಣ್ಣ ಆವಿ ಸ್ಫೋಟ ಹಿಡಿಯುವುದು ಇನ್ನೂ ಕಷ್ಟ.

ಹಸಿರೆಲೆ:
ಇದರ ಒಳ್ಳೆಯ ಮಗ್ಗುಲೂ ಮಾತಾಡೋಣ. ಜ್ವಾಲಾಮುಖಿ ಬೂದಿ ಒಳ್ಳೆಯ ಗೊಬ್ಬರ ಅಂತಾರಲ್ಲ, ಜಾವಾದಲ್ಲಿ ಅಷ್ಟು ಜನ ಬೆಟ್ಟದ ಬುಡದಲ್ಲೇ ಬೇಸಾಯ ಮಾಡುವುದು ಅದಕ್ಕೇ ಅಲ್ವಾ? ಬೂದಿ ಬಿದ್ದರೆ ಮುಂದಿನ ಬೆಳೆ ಚೆನ್ನಾಗಿ ಬರುತ್ತದಾ?

ಮಣ್ಣಿನಮಗಳು:
ಬೂದಿ ತೆಳುವಾಗಿ ಬಿದ್ದರೆ ಮಣ್ಣಿಗೆ ಸೇರಿಕೊಳ್ಳುತ್ತದೆ, ಅಂಥ ತೊಂದರೆ ಇಲ್ಲ. ದಪ್ಪಗೆ ಬಿದ್ದರೆ ಬೆಳೆ ಸಾಯುತ್ತದೆ. ಹೊಸ ಬೂದಿಯಲ್ಲಿ ಸಾರಜನಕ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ಮೇಲೆ ಒಣಗಿ ಹೆಪ್ಪುಗಟ್ಟಿದರೆ ನೀರೂ ಇಳಿಯುವುದಿಲ್ಲ.

ಅದು ಒಳ್ಳೆಯ ಮಣ್ಣಾಗಲು ಕಾಲ ಬೇಕು. ಬೂದಿ ಗಾಜು ಆದ್ದರಿಂದ ಹರಳಿರುವ ಗಟ್ಟಿ ಬಂಡೆಗಿಂತ ಬೇಗ ಸವೆಯುತ್ತದೆ, ಬಿಸಿ ಮತ್ತು ಮಳೆ ಇರುವ ಕಡೆ ಇನ್ನೂ ಬೇಗ. ಅದರಿಂದ ಪೊಟ್ಯಾಶಿಯಂ, ಕ್ಯಾಲ್ಸಿಯಂ, ಮೆಗ್ನೀಶಿಯಂ ಬಿಡುಗಡೆ ಆಗುತ್ತದೆ. ಹೀಗೆ ಆದ ಮಣ್ಣಿಗೆ ಆಂಡೋಸಾಲ್ ಅನ್ನುತ್ತಾರೆ. ಕಪ್ಪು ಬಣ್ಣ, ಹಿಡಿಯಷ್ಟು ತೆಗೆದುಕೊಂಡರೆ ಪುಸುಪುಸು, ಅಷ್ಟು ಹಗುರ. ಬೆರಳ ನಡುವೆ ಜೋರಾಗಿ ಒತ್ತಿ ತಿಕ್ಕಿದರೆ ಒಣಗಿದ ಹಾಗೆ ಕಂಡ ಮಣ್ಣು ತಟ್ಟನೆ ನೀರು ಬಿಟ್ಟು ಜಾರುತ್ತದೆ, ಅಷ್ಟು ನೀರು ಹಿಡಿದಿಟ್ಟುಕೊಂಡಿರುತ್ತದೆ. ಭೂಮಿಯ ನೆಲದಲ್ಲಿ ಇದು ಶೇ 1ರ ಆಸುಪಾಸು ಮಾತ್ರ. ಇದಕ್ಕೂ ಒಂದು ದೋಷ ಇದೆ. ರಂಜಕವನ್ನು ಬಿಗಿಯಾಗಿ ಹಿಡಿದುಕೊಂಡು ಗಿಡಕ್ಕೆ ಕೊಡುವುದಿಲ್ಲ, ಹಾಗಾಗಿ ರಂಜಕದ ಗೊಬ್ಬರ ಹಾಕಲೇಬೇಕಾಗುತ್ತದೆ.

ದನಕರುಗಳ ವಿಷಯ ಯಾರೂ ಹೇಳಲಿಲ್ಲ. ಬೂದಿಯ ಕಣಗಳ ಮೇಲೆ ಫ್ಲೋರಿನ್ ಅಂಟಿಕೊಂಡು ಹುಲ್ಲಿನ ಮೇಲೆ ಬೀಳುತ್ತದೆ. 1783ರ ಜೂನ್ 8ರಂದು ಐಸ್‌ಲ್ಯಾಂಡಿನ ಲಾಕಿ ಬಿರುಕು ತೆರೆದು ಎಂಟು ತಿಂಗಳು ಉಗುಳಿತು. ಆ ಹುಲ್ಲು ಮೇಯ್ದ ಕುರಿಗಳ ಹಲ್ಲು ಕೆಟ್ಟವು, ಮೂಳೆಯ ಮೇಲೆ ಗಂಟು ಎದ್ದವು. ಕುರಿಗಳಲ್ಲಿ ಸುಮಾರು ಶೇ 80, ದನಗಳಲ್ಲಿ ಸುಮಾರು ಅರ್ಧ ಸತ್ತವು. ಆಮೇಲೆ ಬರಗಾಲ. ಆ ದೇಶದ ಜನರಲ್ಲಿ ಐದನೇ ಒಂದು ಭಾಗ ಹೋದರು. ಅಲ್ಲಿ ಲಾವಾ ಹರಿದದ್ದೂ ದೊಡ್ಡ ಪ್ರಮಾಣದಲ್ಲೇ, ಆದರೆ ಜನ ಸತ್ತದ್ದು ಹಸಿವಿನಿಂದ.

ಮೋಡಗಣ್ಣು:
ಲಾಕಿ ಬಂತಲ್ಲ, ಹವಾಮಾನದ ವಿಷಯಕ್ಕೆ ಬರುತ್ತೇನೆ. ದೊಡ್ಡ ಸ್ಫೋಟದ ಮೇಲೆ ಭೂಮಿ ತಂಪಾಗುವುದು ಬೂದಿಯಿಂದ ಅಂತ ಬಹಳ ಜನ ನಂಬಿದ್ದಾರೆ. ಬೂದಿ ದಿನಗಳಲ್ಲಿ, ವಾರಗಳಲ್ಲಿ ಕೆಳಗೆ ಬೀಳುತ್ತದೆ. ತಂಪು ಮಾಡುವುದು ಸಲ್ಫರ್ ಡೈಆಕ್ಸೈಡ್. ಅದು ಮಳೆ ಮೋಡಗಳಿಗಿಂತ ಮೇಲಿರುವ ಸ್ಟ್ರಾಟೋಸ್ಫಿಯರ್ ಮುಟ್ಟಿದರೆ ನೀರಿನ ಜೊತೆ ಸೇರಿ ಸಲ್ಫ್ಯೂರಿಕ್ ಆಮ್ಲದ ಸೂಕ್ಷ್ಮ ಹನಿಗಳಾಗುತ್ತದೆ. ಅಲ್ಲಿ ಮಳೆ ಇಲ್ಲ, ತೊಳೆದು ಹೋಗುವುದಿಲ್ಲ, ಒಂದೆರಡು ವರ್ಷ ಅಲ್ಲೇ ಇದ್ದು ಬಿಸಿಲನ್ನು ವಾಪಸ್ ಕಳಿಸುತ್ತದೆ. ಪಿನಾಟುಬೊ 1.5ರಿಂದ 2 ಕೋಟಿ ಟನ್ ಮೇಲೆ ಕಳಿಸಿತು, ಭೂಮಿಯ ಸರಾಸರಿ ಬಿಸಿ ಸುಮಾರು 0.5 ಡಿಗ್ರಿ ಇಳಿಯಿತು. 1815ರ ಏಪ್ರಿಲಿನಲ್ಲಿ ಇಂಡೋನೇಷ್ಯಾದ ತಂಬೋರಾ ಸಿಡಿದದ್ದಕ್ಕೆ 1816ರಲ್ಲಿ ಯುರೋಪಿಗೆ, ಅಮೆರಿಕದ ಈಶಾನ್ಯ ಭಾಗಕ್ಕೆ ಬೇಸಿಗೆಯೇ ಬರಲಿಲ್ಲ. ಜೂನಿನಲ್ಲಿ ಮಂಜು ಬಿದ್ದು ಬೆಳೆ ಹೋಯಿತು. ಯಾವ ಬೆಟ್ಟದಿಂದ ತಮಗೆ ಹೀಗಾಯಿತು ಅಂತ ಅಲ್ಲಿನ ರೈತರಿಗೆ ತಿಳಿಯುವ ದಾರಿಯೇ ಇರಲಿಲ್ಲ.

ಕಪ್ಪುಕಲ್ಲು ಅವರ ಮಾತಿಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಇದೆ. ಸೇಂಟ್ ಹೆಲೆನ್ಸ್ ಮತ್ತು 1982ರಲ್ಲಿ ಮೆಕ್ಸಿಕೋದ ಎಲ್ ಚಿಚೋನ್, ಎರಡೂ ಉಗುಳಿದ ಕಲ್ಲು, ಬೂದಿ ಹೆಚ್ಚುಕಡಿಮೆ ಒಂದೇ ಅಳತೆಯದ್ದು. ಆದರೆ ಮೊದಲನೆಯದರಲ್ಲಿ ಸಲ್ಫರ್ ಡೈಆಕ್ಸೈಡ್ ಸುಮಾರು 10 ಲಕ್ಷ ಟನ್, ಎರಡನೆಯದರಲ್ಲಿ ಸುಮಾರು 70 ಲಕ್ಷ ಟನ್. ಹವಾಮಾನದ ಮೇಲೆ ಪರಿಣಾಮ ಆದದ್ದು ಎಲ್ ಚಿಚೋನಿನಿಂದ. ತೀರಾ ಬೇರೆ ಥರದ್ದು ಟೋಂಗಾದ ಹುಂಗಾ. 2022ರ ಜನವರಿ 15ರಂದು ಸಮುದ್ರದೊಳಗೆ ಸಿಡಿದು ಅದರ ಮೋಡ 57 ಕಿ.ಮೀ. ಎತ್ತರ ಮುಟ್ಟಿತು. ಗಂಧಕ ಕಡಿಮೆ, ನೀರಾವಿ ಮಾತ್ರ ಸುಮಾರು 15 ಕೋಟಿ ಟನ್. ಸ್ಟ್ರಾಟೋಸ್ಫಿಯರಿನ ನೀರೇ ಸುಮಾರು ಶೇ 10 ಜಾಸ್ತಿಯಾಯಿತು. ಉಪಗ್ರಹಗಳಿಂದ ಅಳೆಯಲು ಶುರುಮಾಡಿದ ಮೇಲೆ ಇಂಥದ್ದು ಕಂಡದ್ದು ಅದೇ ಮೊದಲು.

ರಾತ್ರಿಪಾಳಿ:
ಒಂದು ಜ್ವಾಲಾಮುಖಿ ಸಿಡಿದರೆ ಮನುಷ್ಯರು ನೂರು ವರ್ಷ ಬಿಟ್ಟಷ್ಟು ಇಂಗಾಲದ ಡೈಆಕ್ಸೈಡ್ ಬರುತ್ತದೆ, ಹಾಗಾಗಿ ವಾಹನ, ಕಾರ್ಖಾನೆ ಬಗ್ಗೆ ತಲೆಕೆಡಿಸಿಕೊಳ್ಳಬೇಕಿಲ್ಲ ಅಂತ ಒಂದು ಮೆಸೇಜು ಓಡಾಡುತ್ತಿದೆ. ನಿಜಾನಾ?

ಮೋಡಗಣ್ಣು:
ಅಲ್ಲ. ಇಡೀ ಭೂಮಿಯ ಜ್ವಾಲಾಮುಖಿಗಳೆಲ್ಲ ಸೇರಿ ವರ್ಷಕ್ಕೆ ಬಿಡುವುದು ಹೆಚ್ಚೆಂದರೆ 40 ಕೋಟಿ ಟನ್ ಆಸುಪಾಸು. ಮನುಷ್ಯರು ಕಲ್ಲಿದ್ದಲು, ಎಣ್ಣೆ, ಗ್ಯಾಸ್ ಉರಿಸಿ ಬಿಡುವುದು ವರ್ಷಕ್ಕೆ 3,500 ಕೋಟಿ ಟನ್‌ಗೂ ಜಾಸ್ತಿ. ಶೇ 1ರ ಹತ್ತಿರ ಬರುತ್ತದೆ ಅಷ್ಟೇ. ಆ ಮೆಸೇಜು ಕಳಿಸಿದವರಿಗೆ ಈ ಎರಡು ಅಂಕಿ ವಾಪಸ್ ಕಳಿಸಿ.

ಕಪ್ಪುಕಲ್ಲು:
ವರ್ಷದ ಲೆಕ್ಕದಲ್ಲಿ ಸಣ್ಣದು, ಲಕ್ಷಾಂತರ, ಕೋಟ್ಯಂತರ ವರ್ಷಗಳ ಲೆಕ್ಕದಲ್ಲಿ ಬೇರೆಯೇ ಕಥೆ. ಮಳೆ ನೀರು ಬಂಡೆಯನ್ನು ಸವೆಸುವಾಗ ಗಾಳಿಯ ಇಂಗಾಲ ಸಮುದ್ರಕ್ಕೆ ಸೇರಿ ಸುಣ್ಣಕಲ್ಲಾಗುತ್ತದೆ, ಅದು ಫಲಕಗಳ ಜೊತೆ ಕೆಳಗೆ ಹೋಗುತ್ತದೆ, ಜ್ವಾಲಾಮುಖಿ ಅದನ್ನು ವಾಪಸ್ ಗಾಳಿಗೆ ಬಿಡುತ್ತದೆ. ಈ ಸುತ್ತು ನಿಂತರೆ ಭೂಮಿ ಹೆಪ್ಪುಗಟ್ಟುತ್ತದೆ. ಸುಮಾರು 63.5 ಕೋಟಿ ವರ್ಷದ ಹಿಂದೆ ಭೂಮಿ ಸಮಭಾಜಕದವರೆಗೂ ಹಿಮದಲ್ಲಿ ಮುಚ್ಚಿತ್ತು. ಹಿಮದ ಅಡಿಯ ಬಂಡೆ ಸವೆಯುವುದು ಬಹುತೇಕ ನಿಂತಿತ್ತು, ಜ್ವಾಲಾಮುಖಿಗಳು ಮಾತ್ರ ಬಿಡುತ್ತಲೇ ಇದ್ದವು, ಇಂಗಾಲದ ಡೈಆಕ್ಸೈಡ್ ಕೂಡಿ ಕೂಡಿ ಕೊನೆಗೆ ಹಿಮ ಕರಗಿತು. ಅದೇ ಅನಿಲ ಅತಿಯಾದರೆ ಸರ್ವನಾಶ. 25.2 ಕೋಟಿ ವರ್ಷದ ಹಿಂದೆ ಸೈಬೀರಿಯಾದಲ್ಲಿ ಶಿಲಾಪಾಕ ಕಲ್ಲಿದ್ದಲು, ಉಪ್ಪಿನ ಪದರಗಳ ನಡುವೆ ನುಗ್ಗಿ ಅವನ್ನೆಲ್ಲ ಬೇಯಿಸಿತು, ಆ ಪದರಗಳ ಅನಿಲವೂ ಸೇರಿ ಹೊರಬಂತು. ಸಮುದ್ರದ ಜೀವಜಾತಿಗಳಲ್ಲಿ ಸುಮಾರು ಶೇ 90 ಅಳಿದವು. ಭೂಮಿಯ ಮೇಲೆ ಆದ ಅತಿ ದೊಡ್ಡ ಅಳಿವು ಅದು.

ಗುಡ್ಡಗಾಡು:
ನಮ್ಮ ದಖ್ಖನ್ ಪ್ರಸ್ಥಭೂಮಿಯ ಲಾವಾ ಬಂಡೆಗಳು, ಡೆಕ್ಕನ್ ಟ್ರ್ಯಾಪ್ಸ್, ಕೂಡ ಹಾಗೆಯೇ ಆದದ್ದಲ್ವಾ? ಡೈನೋಸಾರ್ ಹೋದದ್ದು ಅದರಿಂದ ಅಂತಾರೆ.

ಕಪ್ಪುಕಲ್ಲು:
ಸುಮಾರು 6.6 ಕೋಟಿ ವರ್ಷದ ಹಿಂದೆ ಬಸಾಲ್ಟ್ ಲಾವಾ ಪದರದ ಮೇಲೆ ಪದರ ಹರಿದು ಆದದ್ದು ಅದು, ಇವತ್ತಿಗೂ 5 ಲಕ್ಷ ಚದರ ಕಿ.ಮೀ. ಹರಡಿದೆ, ಕೆಲವು ಕಡೆ ದಪ್ಪ 2 ಕಿ.ಮೀ. ದಾಟುತ್ತದೆ. ಹರಿಯಲು ಶುರುವಾದದ್ದು ಕ್ಷುದ್ರಗ್ರಹ ಬೀಳುವುದಕ್ಕೆ ಮೊದಲೇ, ಬಿದ್ದ ಮೇಲೂ ಮುಂದುವರಿಯಿತು. ಅಳಿವಿಗೆ ಮುಖ್ಯ ಕಾರಣ ಕ್ಷುದ್ರಗ್ರಹ ಅಂತಲೇ ಹೆಚ್ಚಿನ ವಿಜ್ಞಾನಿಗಳು ಹೇಳುತ್ತಾರೆ, ಲಾವಾದ ಪಾಲು ಎಷ್ಟು ಅನ್ನುವ ಜಗಳ ಇನ್ನೂ ನಡೆಯುತ್ತಿದೆ. ನನಗೂ ಕ್ಷುದ್ರಗ್ರಹದ ವಾದವೇ ಗಟ್ಟಿ ಅನ್ನಿಸುತ್ತದೆ.

ಮಣ್ಣಿನಮಗಳು:
ಅಳಿವಿನ ಜೊತೆ ಇದನ್ನೂ ಸೇರಿಸಿ. 1977ರಲ್ಲಿ ಗಲಾಪಗೋಸ್ ಹತ್ತಿರ ಸುಮಾರು 2,500 ಮೀಟರ್ ಆಳಕ್ಕೆ ಆಲ್ವಿನ್ ಅನ್ನುವ ನೌಕೆಯಲ್ಲಿ ಇಳಿದವರು ಬಿಸಿನೀರಿನ ಬುಗ್ಗೆ ಹುಡುಕುತ್ತಿದ್ದರು. ಬುಗ್ಗೆ ಸಿಕ್ಕಿತು, ಅದರ ಸುತ್ತ ದೊಡ್ಡ ಕೊಳವೆ ಹುಳಗಳು, ಚಿಪ್ಪುಜೀವಿಗಳು ಗಿಜಿಗಿಜಿ ತುಂಬಿದ್ದವು. ಬಿಸಿಲೇ ಇಲ್ಲದ ಜಾಗ ಅದು. ಅಲ್ಲಿನ ಬ್ಯಾಕ್ಟೀರಿಯಾಗಳು ಬುಗ್ಗೆಯಿಂದ ಬರುವ ಹೈಡ್ರೋಜನ್ ಸಲ್ಫೈಡ್ ಬಳಸಿ ಆಹಾರ ಮಾಡುತ್ತವೆ. ಮೇಲಿದ್ದರೆ ನಮಗೆ ವಿಷ, ಅಲ್ಲಿ ಅದೇ ಅನ್ನ.

ರಾತ್ರಿಪಾಳಿ:
ಕೊನೆಯದಾಗಿ ಒಂದು. ಬೂದಿ ಬೀಳುವ ಕಡೆ ಸಿಕ್ಕಿಕೊಂಡರೆ ಏನು ಮಾಡಬೇಕು? ವಿಮಾನ ಯಾಕೆ ನಿಲ್ಲಿಸುತ್ತಾರೆ ಅಂತಲೂ ಹೇಳಿ.

ನಕ್ಷೆಪ್ರಿಯ:
ವಿಮಾನದ್ದು ಮೊದಲು. 1982ರ ಜೂನ್ 24ರ ರಾತ್ರಿ ಜಾವಾದ ಗಲುಂಗುಂಗ್ ಬೂದಿ ಮೋಡದೊಳಗೆ ಒಂದು ಬ್ರಿಟಿಷ್ ಏರ್‌ವೇಸ್ ವಿಮಾನ ಹೊಕ್ಕಿತು. ಬೂದಿ ಒಣ, ಹವಾಮಾನ ರೇಡಾರಿಗೆ ಕಾಣಲಿಲ್ಲ. ಬೂದಿಯ ಗಾಜು ಎಂಜಿನಿನ ಬಿಸಿಗೆ ಕರಗಿ ಒಳಗೆ ಅಂಟಿತು, ನಾಲ್ಕೂ ಎಂಜಿನ್ ನಿಂತವು. ಕೆಳಗೆ ಇಳಿದ ಮೇಲೆ ಅಂಟಿದ್ದು ತಣ್ಣಗಾಗಿ ಉದುರಿ ಎಂಜಿನ್ ಮತ್ತೆ ಶುರುವಾಯಿತು, ಎಲ್ಲರೂ ಜಕಾರ್ತದಲ್ಲಿ ಸುರಕ್ಷಿತವಾಗಿ ಇಳಿದರು. ಮುಂದಿನ ಗಾಜು ಮಾತ್ರ ಬೂದಿ ಉಜ್ಜಿ ಉಜ್ಜಿ ಮಬ್ಬಾಗಿತ್ತು. 2010ರಲ್ಲಿ ಐಸ್‌ಲ್ಯಾಂಡಿನ ಒಂದು ಬೆಟ್ಟದಿಂದ ಯುರೋಪಿನ ವಿಮಾನಗಳು ದಿನಗಟ್ಟಲೆ ನಿಂತದ್ದು ಇದೇ ಭಯಕ್ಕೆ.

ನೆಲದ ಮೇಲಿರುವವರಿಗೆ: ಮನೆಯೊಳಗೆ ಇರಿ, ಕಿಟಕಿ ಬಾಗಿಲು ಮುಚ್ಚಿ. ಹೊರಗೆ ಹೋಗಲೇಬೇಕಾದರೆ ಸರಿಯಾಗಿ ಕೂರುವ ಮಾಸ್ಕ್, ಕಣ್ಣಿಗೆ ಮುಚ್ಚಿದ ಕನ್ನಡಕ. ಕಾಂಟ್ಯಾಕ್ಟ್ ಲೆನ್ಸ್ ತೆಗೆದುಬಿಡಿ. ಕಾರಿನ ಗಾಜಿಗೆ ವೈಪರ್ ಒಣಗಿದ್ದಾಗ ಹಾಕಬೇಡಿ, ಗೀರು ಬೀಳುತ್ತದೆ.

ಚಾವಣಿಯ ವಿಷಯ ಎಲ್ಲಕ್ಕಿಂತ ಮುಖ್ಯ. ಒದ್ದೆ ಬೂದಿ ಒಣ ಬೂದಿಯ ಸುಮಾರು ಎರಡರಷ್ಟು ತೂಕ. ಅಧಿಕಾರಿಗಳು ಹೊರಗೆ ಬರಬಹುದು ಅಂದ ಕೂಡಲೇ, ಮಳೆಗೆ ಮೊದಲು, ಸ್ವಲ್ಪ ಸ್ವಲ್ಪವೇ ಗುಡಿಸಿ ತೆಗೆಯಿರಿ. ಒಬ್ಬರೇ ಹತ್ತಬೇಡಿ, ಜಾರುತ್ತದೆ. ಬೂದಿ ಏಳದ ಹಾಗೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು, ಪೈಪು ಹಿಡಿದು ತೊಳೆಯಬೇಡಿ. ಚರಂಡಿಗೆ ಹೋದರೆ ಸಿಮೆಂಟಿನ ಹಾಗೆ ಕಟ್ಟಿಕೊಳ್ಳುತ್ತದೆ.

ಕಪ್ಪುಕಲ್ಲು:
ಇದಕ್ಕೆ ಒಂದು ಸೇರಿಸುತ್ತೇನೆ. ಅನಿಲ ಬರುವ ಜಾಗದಲ್ಲಿ ತಗ್ಗಿಗೆ ಇಳಿಯಬೇಡಿ. ಇಂಗಾಲದ ಡೈಆಕ್ಸೈಡ್ ಗಾಳಿಗಿಂತ ಭಾರ, ವಾಸನೆ ಇಲ್ಲ, ಬಣ್ಣ ಇಲ್ಲ. 1986ರ ಆಗಸ್ಟ್ 21ರ ರಾತ್ರಿ ಕ್ಯಾಮರೂನಿನ ನ್ಯೋಸ್ ಕೆರೆಯ ತಳದಲ್ಲಿ ಕರಗಿ ಕೂಡಿದ್ದ ಅನಿಲ ಒಮ್ಮೆಗೇ ಹೊರಬಂದು ಕಣಿವೆಗಳಿಗೆ ಇಳಿಯಿತು. ಸುಮಾರು 1,700 ಜನ ಸತ್ತರು, ಬಹಳ ಮಂದಿ ಮಲಗಿದ್ದಲ್ಲೇ. 25 ಕಿ.ಮೀ. ದೂರದವರೆಗೂ ಜನ ಸತ್ತಿದ್ದರು. 2001ರಿಂದ ಆ ಕೆರೆಯ ತಳಕ್ಕೆ ಕೊಳವೆ ಇಳಿಸಿ ಅನಿಲವನ್ನು ಸ್ವಲ್ಪ ಸ್ವಲ್ಪವಾಗಿ ಹೊರಗೆ ಬಿಡುತ್ತಿದ್ದಾರೆ. ಪಂಪ್ ಬೇಕಾದದ್ದು ಶುರುವಿಗೆ ಮಾತ್ರ. ಒಮ್ಮೆ ತಳದ ನೀರು ಮೇಲೇರಿತು ಅಂದರೆ ಗುಳ್ಳೆಗಳೇ ಅದನ್ನು ಎತ್ತಿಕೊಂಡು ಬರುತ್ತವೆ.